ಆಯೇರ ಕೂಗುವವನು

ಮಾರ್ಚ್ ೯, ರವಿವಾರ

ನಾನು ಬಸವಕಲ್ಯಾಣದಲ್ಲಿ ನಿಂತು ಒಂದು ಸಲ ಕೂಗಿದರೆ ಹುಮನಾಬಾದಿನಲ್ಲಿ ಮಲಗಿದ ಎಮ್ಮೆ ಎದ್ದು ನಿಲ್ಲುತ್ತದೆ. ನಡುವೆ ಹೆದ್ದಾರಿ ಇದೆ, ಲಾರಿಗಳಿವೆ, ಎಷ್ಟೋ ಊರುಗಳಿವೆ. ಎಲ್ಲವನ್ನೂ ದಾಟಿ ಹೋಗುತ್ತದೆ ನನ್ನ ದನಿ. ಒಮ್ಮೆ ಹೈದರಾಬಾದಿಗೂ ಹೋಗಿತ್ತು. ಆದರೆ ಆ ದಿನ ಗಾಳಿ ಆ ಕಡೆಗೇ ಬೀಸುತ್ತಿತ್ತು, ಆದ್ದರಿಂದ ಅದನ್ನು ನಾನು ಹೇಳಿಕೊಳ್ಳುವುದಿಲ್ಲ.

ಇಂಥ ದನಿ ಇದ್ದವನಿಗೆ ದೇವರು ಒಂದೇ ಕೆಲಸ ಇಟ್ಟಿರುತ್ತಾನೆ: ಮದುವೆಗಳಲ್ಲಿ ಆಯೇರ ಕೂಗುವುದು. ಅಕ್ಷತೆ ಬಿದ್ದ ಮೇಲೆ ಬೀಗರು, ನೆಂಟರು, ಓಣಿಯವರು ಸಾಲಾಗಿ ಬಂದು ರೊಕ್ಕವನ್ನೋ ಬಟ್ಟೆಯನ್ನೋ ಹಿತ್ತಾಳೆಯ ಭಾಂಡೆಯನ್ನೋ ಕೊಡುತ್ತಾರೆ. ನನ್ನ ಕಿವಿಗೆ ಬಾಗಿ ಹೆಸರು, ಊರು, ಮೊತ್ತ ಹೇಳುತ್ತಾರೆ. ನಾನು ಅದನ್ನು ಮೈಕಿನಲ್ಲಿ ಜಗತ್ತಿಗೆ ಹೇಳುತ್ತೇನೆ. ಇವತ್ತು ಕೊಟ್ಟವನ ಮನೆಯಲ್ಲಿ ನಾಳೆ ಮದುವೆಯಾದಾಗ ಅಷ್ಟೇ, ಆದರೆ ಒಂದು ಕೈ ಮೇಲೆಯೇ, ತಿರುಗಿ ಹೋಗಬೇಕು. ಹಾಗಾಗಿ ಇದು ಬರೀ ಕೂಗಾಟವಲ್ಲ, ಸಾಕ್ಷಿ. ಮೂವತ್ತೆಂಟು ವರ್ಷದಿಂದ ಆ ಸಾಕ್ಷಿ ನಾನೇ. ಐವತ್ತೊಂದು ರೂಪಾಯಿ ಕೊಟ್ಟವನೂ ನನ್ನ ಬಾಯಿಂದ ತನ್ನ ಹೆಸರು ಕೇಳಿದ ಮೇಲೆ ಜಹಗೀರದಾರನಂತೆ ನಡೆದು ಹೋಗಿ ಕುರ್ಚಿಯಲ್ಲಿ ಕೂರುತ್ತಾನೆ.

ಇವತ್ತು ಹುಮನಾಬಾದಿನಿಂದ ಸತೀಶಕುಮಾರ ಬಂದಿದ್ದ. ತೀರಿಹೋದ ನನ್ನ ತಮ್ಮನ ಮಗ. ಅವನ ತಂಗಿ ವಿದ್ಯಾವತಿಯ ಮದುವೆ ನಿಶ್ಚಯವಾಗಿದೆ. ಮೇ ಹನ್ನೊಂದಕ್ಕೆ, ಹುಮನಾಬಾದಿನ ಫಂಕ್ಷನ್ ಹಾಲಿನಲ್ಲಿ. ತಮ್ಮನಿಲ್ಲ, ತಮ್ಮನ ಹೆಂಡತಿಯೂ ಇಲ್ಲ. ತಂದೆತಾಯಿಯ ಜಾಗದಲ್ಲಿ ನಿಂತು ಹುಡುಗಿಯ ಕೈ ಹಿಡಿದು ಕೊಡಬೇಕಾದವರು ನಾನು ಮತ್ತು ನನ್ನ ಹೆಂಡತಿ ಶಕುಂತಲಾಬಾಯಿ.

"ಅದು ಮುಗಿದ ಮ್ಯಾಲ ಆಯೇರದ ಮೈಕ್ ನಂದು," ಎಂದೆ.

ಸತೀಶ ಏನೋ ಅಂದ. ಈಗಿನವರು ಬಾಯಿ ತುಂಬ ಗುಟಕಾ ಇಟ್ಟುಕೊಂಡವರಂತೆ ಮಾತಾಡುತ್ತಾರೆ. "ಏನಂದೀ?" ಎಂದೆ.

"ಚಾ ಭಾಳ ಛಲೋ ಆಗ್ಯಾದ ಅಂದೆ, ದೊಡ್ಡಪ್ಪಾ!" ಎಂದು ಕಿರುಚಿದ.

ಚಹಾ ಇನ್ನೂ ಬಂದಿರಲಿಲ್ಲ.

ಮಾರ್ಚ್ ೧೯, ಬುಧವಾರ

ಗೌಸನ ದರ್ಜಿ ಅಂಗಡಿಯ ಮುಂದೆ ಒಂದು ಬಾಕು ಇದೆ. ಅದರ ಮೇಲೆ ಮುದುಕರು ಕೂರುತ್ತಾರೆ. ನಾನೂ ಕೂರುತ್ತೇನೆ, ಆದರೆ ಮುದುಕರನ್ನು ನೋಡಲಿಕ್ಕೆ. ಆಧಾರ ಕಾರ್ಡಿನಲ್ಲಿ ನನಗೆ ಎಪ್ಪತ್ಮೂರು ಎಂದಿದೆ. ಅದು ಶಾಲೆಗೆ ಹೆಸರು ಹಚ್ಚಿದ ಮಾಸ್ತರರ ಅವಸರ. ಏಳನೇ ಇಯತ್ತೆಗೇ ನಾನು ಶಾಲೆ ಬಿಟ್ಟದ್ದಕ್ಕೆ ಅವರ ಮೇಲಿನ ಸಿಟ್ಟೂ ಒಂದು ಕಾರಣ.

ಗೌಸ ನನಗಿಂತ ಎರಡು ವರ್ಷ ಚಿಕ್ಕವನು. ಈಗ ಕಿವಿಗೆ ಮಶೀನು ಹಾಕಿಸಿಕೊಂಡು ಬಂದಿದ್ದಾನೆ. ಬಣ್ಣ ನೋಡಿದರೆ ಥೇಟ್ ನೆನೆಸಿದ ಕಡಲೆ.

"ಏ ಗೌಸ್ಯಾ, ಕಿವ್ಯಾಗ ಕಡ್ಲಿ ಬಿತ್ತೀ ಏನು? ಮಳಿ ಬಂದ್ರ ಮೊಳಕಿ ಒಡದೀತು ನೋಡು!" ಎಂದೆ.

ಅವನು ಹೊಲಿಗೆ ನಿಲ್ಲಿಸಿ ಎದ್ದು ಬಂದು ನನ್ನ ಕಿವಿಯ ಹತ್ತಿರ ಬಾಯಿ ಇಟ್ಟ. "ನನ್ನ ಕಿವ್ಯಾಗ ಕಡ್ಲಿ ಅದ, ನಿನ್ನ ಕಿವ್ಯಾಗ ಗುಂಡಗಲ್ಲು ಅದ. ನಿನ್ನ ಕೂಡ ಹತ್ತು ಮಿನಿಟ್ ಮಾತಾಡಿದ್ರ ಮನಿಗಿ ಹೋಗಿ ಜೇಷ್ಠಮಧು ಚೀಪಬೇಕಾಗ್ತದ, ಭಾಯಿ. ಬೀದರಕ ನಡಿ, ನಿಂಗೂ ಒಂದು ಕೂಡಿಸಿ ತರೋಣು."

ನನ್ನ ಕಿವಿಗೆ ಏನೂ ಆಗಿಲ್ಲ. ಜನರ ದನಿಗೆ ಆಗಿದೆ. ಒಂದೆರಡು ವರ್ಷದಿಂದ ಇಡೀ ಬಸವಕಲ್ಯಾಣದ ದನಿ ಕುಗ್ಗಿದೆ. ಬೋರಿನ ನೀರಿನ ದೋಷ ಎಂದು ನನ್ನ ಅಂದಾಜು.

ಬಾಕಿನ ಮೇಲೆ ಗುಟ್ಟಿನ ಮಾತೂ ನಿಂತಿದೆ. ಮೊದಲು ಯಾರ ಸೊಸೆ ತವರಿಗೆ ಹೋಗಿ ಕೂತಳು, ಯಾವ ಸಂಬಂಧ ಮುರಿಯಿತು, ಎಲ್ಲ ನನ್ನ ಕಿವಿಗೇ ಮೊದಲು ಬೀಳುತ್ತಿತ್ತು. ಈಗ ಮೂವರು ತಲೆಗೆ ತಲೆ ಹಚ್ಚಿ ಪಿಸುಗುಟ್ಟುತ್ತಾರೆ, ತೊಡೆ ತಟ್ಟಿ ನಗುತ್ತಾರೆ. "ಏನಂತ?" ಎಂದರೆ "ಏನಿಲ್ಲ" ಅನ್ನುತ್ತಾರೆ. ಏನಿಲ್ಲದ್ದಕ್ಕೆ ಅಷ್ಟು ಹೊತ್ತು ನಗುವವರನ್ನು ನಾನು ನೋಡಿಲ್ಲ. ನನ್ನ ಮುಂದೆ ಬಾಯಿ ಬಿಡಲು ಹೆದರುತ್ತಾರೆ, ಅಷ್ಟೇ. ದೊಡ್ಡ ಮನುಷ್ಯನಾಗುವುದರಲ್ಲಿ ಈ ತ್ರಾಸು ಇದ್ದದ್ದೇ.

ಮಾರ್ಚ್ ೩೦, ಯುಗಾದಿ

ಊಟಕ್ಕೆ ಮನೆ ತುಂಬ ಮಂದಿ. ಸೊಸೆ ಏನೋ ಕಥೆ ಹೇಳುತ್ತಿದ್ದಳು. ಕೈ ಹಾಗೆ ಮಾಡಿದಳು, ಕಾಲು ಹೀಗೆ ಮಾಡಿದಳು. ಒಳ್ಳೇ ನಗೆಯ ಜಾಗ ಬಂತು ಎಂದು ನೋಡಿ ನಾನು ಜೋರಾಗಿ ನಕ್ಕೆ. ಎಲ್ಲರೂ ನನ್ನ ಕಡೆ ತಿರುಗಿದರು.

ಆಮೇಲೆ ಶಕುಂತಲಾ ನನ್ನನ್ನು ಒಳಗೆ ಕರೆದು ಕಿವಿಯಲ್ಲಿ ಕೂಗಿದಳು: ಸೊಸೆಯ ಅಪ್ಪ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಾನಂತೆ.

ಹಾಗಿದ್ದರೆ ಕೈಕಾಲು ಅಷ್ಟು ಕುಣಿಸಬಾರದಿತ್ತು. ಹೋಳಿಗೆ ನಾಲ್ಕು ತಿಂದೆ.

ಏಪ್ರಿಲ್ ೧೩, ರವಿವಾರ

ಇವತ್ತಿನಂಥ ಆಯೇರ ನಾನು ಜನ್ಮದಲ್ಲಿ ಕೂಗಿರಲಿಲ್ಲ.

ಮುಡಬಿಯಲ್ಲಿ ಮದುವೆ. ಮೈಕು, ಸ್ಪೀಕರು ಸಂಘಪಾಲನವು. ನಲವತ್ತರ ಮನುಷ್ಯ, ತನ್ನದೇ ಟೆಂಪೋ ಇದೆ. ಹತ್ತು ವರ್ಷದಿಂದ ಅವನು ಮೈಕು ಕಟ್ಟುತ್ತಾನೆ, ನಾನು ಕೂಗುತ್ತೇನೆ. ಅವನ ಸ್ಪೀಕರಿಗೆ ತಾಲೂಕಿನಲ್ಲಿ ಹೆಸರು ಬಂದದ್ದು ಯಾರಿಂದ ಎಂದು ಬೇರೆ ಬರೆಯಬೇಕಿಲ್ಲ.

ಬ್ಯಾಂಡಿನವರು ನನ್ನ ಮಗ್ಗುಲಲ್ಲೇ ನಿಂತು ಬಾರಿಸುತ್ತಿದ್ದರು. ಆಯೇರ ತಂದವರು ಕಿವಿಗೆ ಬಾಗಿ ಹೇಳಿದ್ದು ಒಂದೂ ಒಳಗೆ ಇಳಿಯಲಿಲ್ಲ. ಇನ್ನೊಬ್ಬನಾಗಿದ್ದರೆ ಮೈಕು ಇಟ್ಟು ಎದ್ದು ಹೋಗುತ್ತಿದ್ದ. ನಾನು ಕೂತಲ್ಲೇ ಹೊಸ ಉಪಾಯ ಹುಡುಕಿದೆ. ಯಾರ ಮದುವೆಯಲ್ಲಿ ಯಾರು ಎಷ್ಟು ಮಾಡಿದ್ದಾರೆ ಎಂಬುದೆಲ್ಲ ನನ್ನ ತಲೆಯಲ್ಲಿದೆ. ಮುಖ ನೋಡಿದರೆ ಸಾಕು, ಇವನು ಈ ಮನೆಗೆ ಎಷ್ಟು ತಿರುಗಿಸಬೇಕು ಎಂದು ಹೇಳಬಲ್ಲೆ. ತಿರುಗಿಸಬೇಕಾದದ್ದನ್ನು ತಂದೇ ಇರುತ್ತಾನೆ. ನಮ್ಮ ಕಡೆಯ ಮಂದಿ ಮರ್ಯಾದಸ್ಥರು. ಮತ್ತೆ ಕಿವಿಗೆ ಯಾಕೆ ತೊಂದರೆ? ಮುಖ ನೋಡುತ್ತ, ತಲೆಯಿಂದಲೇ ಕೂಗುತ್ತ ಹೋದೆ.

ಬಳೆ ಅಂಗಡಿಯ ಮಕ್ಬೂಲ್ ಬಂದ. ಅವನ ಮಗಳ ನಿಕಾಹದಲ್ಲಿ ಈ ಮನೆಯವರು ಐದು ಸಾವಿರ ಮಾಡಿದ್ದರು. ನಾನೇ ಅಲ್ಲಿ ಕೂತು ನೋಡಿದ್ದೆ. "ಮುಡಬಿಯ ಮಕ್ಬೂಲ್ ಸಾಹೇಬರಿಂದ, ಐದು ಸಾವಿರದ ಒಂದು ರೂಪಾಯಿ!" ಎಂದೆ. ಚಪ್ಪಾಳೆ ಬಿತ್ತು. ಮಕ್ಬೂಲ್ ಏನೋ ಹೇಳಲು ಬಾಯಿ ತೆರೆದ, ಕೈ ಅಲ್ಲಾಡಿಸಿದ, ಹುಡುಗನ ಅಪ್ಪ ಬಂದು ತಬ್ಬಿಕೊಂಡ ಮೇಲೆ ಸುಮ್ಮನಾದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಮಾನ ಮಾಡಿದರೆ ಯಾರಿಗಾದರೂ ಬರುತ್ತದೆ.

ಕೊನೆಯ ಅರ್ಧ ತಾಸಂತೂ ಹೇಳುವ ಹಾಗಿಲ್ಲ. ಒಬ್ಬನೂ ನನ್ನ ಕಡೆ ತಲೆ ಎತ್ತಿ ನೋಡಲಿಲ್ಲ. ತಲೆ ತಗ್ಗಿಸಿ ಉಣ್ಣುತ್ತ ಕೇಳುತ್ತಿದ್ದರು, ಅಷ್ಟು ಲಕ್ಷ್ಯ. ಸಂಘಪಾಲ ತನ್ನ ಯಂತ್ರದ ಹಿಂದಿನಿಂದ ನನಗೆ ಕೈ ಮುಗಿದ. ನಾನೂ ಮುಗಿದೆ.

ಏಪ್ರಿಲ್ ೨೨, ಮಂಗಳವಾರ

ಸತೀಶ ಮತ್ತೆ ಬಂದಿದ್ದ. ಈ ಸಲ ಬಾಯಲ್ಲಿ ಗುಟಕಾ ಇರಲಿಲ್ಲ. ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದ.

"ದೊಡ್ಡಪ್ಪಾ, ಈ ಸಲ ಮೈಕಿನ ತ್ರಾಸ ತಗೋಬ್ಯಾಡ್ರಿ. ಹುಡುಗಿ ಕಡಿ ಹಿರ್ಯಾರು ನೀವು. ಮುಂದಿನ ಸೋಫಾದ ಮ್ಯಾಲ ಆರಾಮ ಕೂಡ್ರಿ. ಸಂಘಪಾಲ ಕೂಗ್ತಾನ."

"ಸಂಘಪಾಲ ಯಾಕ? ಅವ ವಾಯರ್ ಜೋಡಸಾವ."

"ದನಿ ಛಲೋ ಅದ್ರಿ ಅವಂದು."

"ನಂದು?"

"ನಿಮ್ದೂ ಛಲೋನ ಅದ್ರಿ. ಆದ್ರ..." ಆದರೆ ಎಂಬಲ್ಲಿಗೆ ಅವನ ದನಿ ಮತ್ತೆ ಕುಗ್ಗಿತು. ಶಕುಂತಲಾಳ ಕಡೆ ನೋಡಿದ. ಅವಳು ಗೋಡೆಯ ಕಡೆ ನೋಡಿದಳು.

ಸೋಫಾದ ಮೇಲೆ ಯಾರನ್ನು ಕೂರಿಸುತ್ತಾರೆಂದು ನನಗೆ ಗೊತ್ತಿಲ್ಲವೇ? ಹೆಗಲಿಗೊಂದು ಶಾಲು ಹಾಕುತ್ತಾರೆ, ಕೈಯಲ್ಲಿ ಒಂದು ತೆಂಗಿನಕಾಯಿ ಇಡುತ್ತಾರೆ, ಫೋಟೋ ಹೊಡೆಯುತ್ತಾರೆ. ಆಮೇಲೆ ಊಟದ ತನಕ ಅವರನ್ನು ಯಾರೂ ಮಾತಾಡಿಸುವುದಿಲ್ಲ. ತೆಂಗಿನಕಾಯಿಗಾದರೂ ಮುಂದೆ ಒಂದು ಉಪಯೋಗ ಇರುತ್ತದೆ.

"ಕೇಳು ಸತ್ಯಾ," ಎಂದೆ. "ಮೈಕ್ ಇಲ್ಲಂದ್ರ ನಾನೂ ಇಲ್ಲ. ಹುಡುಗಿ ಕೈ ಹಿಡದು ಕೊಡಾಕ ನಿಮ್ಮ ಸೋಫಾಕ್ಕನ ಹೇಳ್ರಿ!"

ಸತೀಶ ಚಹಾ ಕುಡಿಯದೆ ಎದ್ದು ಹೋದ. ಗೆದ್ದೆ.

ಏಪ್ರಿಲ್ ೨೪, ಗುರುವಾರ

ಶಕುಂತಲಾ ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಆಡಿದ್ದರೂ ಆಡಿರಬಹುದು.

ಏಪ್ರಿಲ್ ೨೭, ರವಿವಾರ

ಎಲ್ಲಿಗೂ ಹೋಗಲಿಲ್ಲ. ಊರಲ್ಲಿ ಎರಡು ಮದುವೆ ಇದ್ದವಂತೆ. ಪತ್ರಿಕೆ ಬಂದಿದ್ದವು, ಮೈಕಿಗೆ ಯಾರೂ ಕರೆದಿರಲಿಲ್ಲ. ನೆಗಡಿ ಎಂದು ಹೇಳಿಸಿದೆ.

ಸಂಜೆ ಬಾಕಿನ ತನಕ ಹೋಗಿ, ದೂರದಿಂದ ನೋಡಿ ತಿರುಗಿ ಬಂದೆ. ಜಾಗ ಇರಲಿಲ್ಲ.

ಮೇ ೨, ಶುಕ್ರವಾರ

ನನ್ನ ದೊಡ್ಡಸ್ತಿಕೆಗೆ ಇವತ್ತು ಅಚ್ಚು ಬಿದ್ದಿದೆ.

ವಿದ್ಯಾವತಿಯ ಮದುವೆ ಪತ್ರಿಕೆ ಬಂತು. ಕೆಳಗೆ ಕೆಂಪು ಅಕ್ಷರದಲ್ಲಿ ಹೀಗಿದೆ: "ಆಯೇರ ಸ್ವೀಕರಿಸಲಾಗುವುದಿಲ್ಲ. ತಮ್ಮ ಆಗಮನವೇ ನಮಗೆ ಸಂತೋಷ."

ಮೂರು ಸಲ ಓದಿದೆ. ನಾನಿಲ್ಲದೆ ಆಯೇರ ಕೂಗಿಸುವುದಕ್ಕಿಂತ ಆಯೇರವೇ ಬೇಡ ಎಂದು ತೀರ್ಮಾನಿಸಿದ್ದಾರೆ! ಇಷ್ಟು ಮಾನ ಯಾವ ಕಲಾವಿದನಿಗೆ ಸಿಕ್ಕಿದೆ? ಪತ್ರಿಕೆ ಹಿಡಿದು ಗೌಸನ ಅಂಗಡಿಗೆ ಹೋಗಿ ಬಾಕಿನ ಮೇಲಿದ್ದವರಿಗೆಲ್ಲ ಓದಿ ಹೇಳಿದೆ. ಯಾರೂ ನಗಲಿಲ್ಲ, ಪಿಸುಗುಟ್ಟಲೂ ಇಲ್ಲ. ಗೌಸ ಎಲ್ಲರಿಗೂ ಚಹಾ ತರಿಸಿದ. ಅವನು ಚಹಾ ತರಿಸಿದ್ದು ನನಗೆ ನೆನಪಿದ್ದ ಹಾಗೆ ಇದು ಎರಡನೇ ಸಲ. ಮೊದಲನೇದು ನನ್ನ ತಮ್ಮ ಸತ್ತ ದಿನ.

ಮೈಕೇ ಇಲ್ಲವೆಂದ ಮೇಲೆ ನನ್ನ ಹಟಕ್ಕೂ ಅರ್ಥವಿಲ್ಲ. ಮದುವೆಗೆ ಬರುತ್ತೇನೆಂದು ಸತೀಶನಿಗೆ ಫೋನಿನಲ್ಲಿ ಹೇಳಿದೆ. ಅವನು ಏನಂದನೋ, ಸಂತೋಷವೇ ಪಟ್ಟಿರಬೇಕು.

ಮೇ ೧೧, ರವಿವಾರ

ಹುಮನಾಬಾದಿನಿಂದ ಬಂದು ಅಂಗಿಯನ್ನೂ ಬಿಚ್ಚದೆ ಬರೆಯುತ್ತಿದ್ದೇನೆ.

ಹುಡುಗಿಯ ಕೈ ಹಿಡಿದು ಕೊಟ್ಟೆವು. ಶಕುಂತಲಾ ಅತ್ತಳು. ನನ್ನ ಕಣ್ಣಿಗೆ ಹೊಗೆ ಹೋಯಿತು. ಆಮೇಲೆ ಶಾಲು, ತೆಂಗಿನಕಾಯಿ, ಫೋಟೋ, ಸೋಫಾ. ಗೌಸನೂ ಬಂದು ಮಗ್ಗುಲಲ್ಲಿ ಕೂತ.

ಅಕ್ಷತೆ ಬಿದ್ದ ಮೇಲೆ ಮಂದಿ ಸಾಲಾಗಿ ಬರತೊಡಗಿದರು. ಪತ್ರಿಕೆಯಲ್ಲಿ ಏನೇ ಇರಲಿ, ಕೊಡಬೇಕಾದವರು ತಂದೇ ಇದ್ದರು. ಸತೀಶ ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ಕೈ ಮುಗಿದು ಪಾಕೀಟನ್ನು ಅವರ ಜೇಬಿಗೇ ತಿರುಗಿ ಇಡುತ್ತಿದ್ದ. ಕೊಡಂಬಲದವರು ಹಿತ್ತಾಳೆಯ ಕೊಡ ತಂದಿದ್ದರು. ಅದೂ ತಿರುಗಿ ಹೋಯಿತು. ಹೆಂಗಸೊಬ್ಬಳು ಅದನ್ನು ಸೊಂಟದ ಮೇಲೆ ಇಟ್ಟುಕೊಂಡೇ ಉಣ್ಣಲು ಹೋದಳು.

ಬೇಡವೆಂದರೂ ನನ್ನ ತಲೆ ಕೂಡಿಸತೊಡಗಿತು. ಇವನು ಮೂರು ಸಾವಿರ. ಇವನು ಎರಡೂವರೆ. ಇವನ ಅಣ್ಣನ ಮದುವೆಗೆ ನಾನು ಸಸ್ತಾಪುರ ಬಂಗಲಾ ಸ್ಟಾಪಿನ ತನಕ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದು ಹೋಗಿ ಆಯೇರ ಕೊಟ್ಟು ಬಂದಿದ್ದೆ. ತಮ್ಮ ಇದ್ದಾಗ ಅವನ ಹೆಸರಿನಲ್ಲಿ, ಅವನು ಹೋದ ಮೇಲೂ ಅವನದೇ ಹೆಸರಿನಲ್ಲಿ, ನನ್ನ ಜೇಬಿನಿಂದ. ಕರೆದ ಮದುವೆ ಒಂದನ್ನೂ ಬಿಟ್ಟಿಲ್ಲ. ವಿದ್ಯಾವತಿಯ ಮದುವೆಗೆ ಒಟ್ಟಿಗೆ ಬರುತ್ತದೆ ಎಂಬ ಲೆಕ್ಕ. ಸತೀಶನ ಮದುವೆ ಕೊರೋನಾದಲ್ಲಿ ಇಪ್ಪತ್ತು ಮಂದಿಯೊಳಗೆ ಮುಗಿದುಹೋಗಿತ್ತು. ಆ ಮನೆಯಲ್ಲಿ ಇನ್ನು ಮದುವೆ ಇಲ್ಲ.

"ಈ ಸತ್ಯಾನ ತಲಿ ಕೆಟ್ಟದೇನು? ಹುಡುಗಿ ರೊಕ್ಕ ಬಾಗಲದಾಗಿಂದ ತಿರುಗಿ ಕಳಸಾಕತ್ತಾನಲ್ಲ!" ಎಂದು ಗೌಸನಿಗೆ ಹೇಳಿದೆ.

ಗೌಸ ನನ್ನ ತೋಳು ಹಿಡಿದು ಎಬ್ಬಿಸಿ ಹಾಲಿನ ಹಿಂದೆ, ಅಡಿಗೆ ನಡೆದಿದ್ದ ಕಡೆ ಕರೆದುಕೊಂಡು ಹೋದ. ಕಿವಿಯ ಹತ್ತಿರ ಏನೋ ಹೇಳಿದ.

"ಏನು?"

"ನಿನ್ನ ಸಲುವಾಗಿ!" ಎಂದು ಕೂಗಿದ.

"ನನ್ನ ಸಲುವಾಗಿ ಏನು?"

"ಆಯೇರ ಬಂದ್ ಮಾಡ್ಯಾರ! ನಿನ್ನ ಕೈಗಿ ಮೈಕ್ ಕೊಟ್ರ ಮುಡಬಿ ಹಂಗ ಗದ್ದಲ. ಕೊಡ್ಲಿಲ್ಲಂದ್ರ ನೀ ಬರಂಗಿಲ್ಲ. ನೀ ಬರ್ಲಿಲ್ಲಂದ್ರ ಹುಡುಗಿ ಕೈ ಯಾರು ಹಿಡದು ಕೊಡ್ಬೇಕು? ಆಯೇರನ ಇಲ್ಲಂದ್ರ ಮೈಕಿನ ಮಾತೇ ಇಲ್ಲ. ಅದಕ್ಕ!"

"ಮುಡಬ್ಯಾಗ ಏನ್ ಗದ್ದಲ? ಚಪ್ಪಾಳಿ ಬಿದ್ದಾವ!"

"ಮಕ್ಬೂಲ್ ಕೊಟ್ಟದ್ದು ಐದುನೂರು! ಅವನ ಅಂಗಡಿ ಮುಚ್ಚಿ ವರ್ಷ ಆಯ್ತು. ನೀ ಐದು ಸಾವಿರ ಅಂತ ಒದರಿದಿ. ಎಲ್ಲಾರ ಮುಂದ ಇಲ್ಲ ಅಂತ ಹ್ಯಾಂಗ ಅಂತಾನ ಅವ? ಇಜ್ಜತಿನ ಸಲುವಾಗಿ ಉಳಿದದ್ದು ಸಾಲ ತಂದು ಕೊಟ್ಟಾನ. ಅದು ನೋಡೇ ಸಂಘಪಾಲ ಮೈಕ್ ಬಂದ್ ಮಾಡಿದ್ದು. ಅರ್ಧ ತಾಸು ನೀ ಬರೀ ಬಾಯಿ ತೆರದು ಮುಚ್ಚಿದಿ, ಭಾಯಿ! ಊರಿಗೆಲ್ಲ ಗೊತ್ತದ, ನಿಂಗೊಬ್ಬಂಗ ಹೇಳೋರಿಲ್ಲ!"

ಪೂರಿ ಕರಿಯುವವನ ಕೈಯಲ್ಲಿ ಝಾರಾ ಹಾಗೇ ನಿಂತಿತ್ತು. ಬದನೆಕಾಯಿ ಹೆಚ್ಚುತ್ತಿದ್ದ ಹೆಂಗಸರು, ತಾಟು ತೊಳೆಯುವವರು, ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಗೌಸ ಗುಟ್ಟು ಹೇಳಲೆಂದೇ ನನ್ನನ್ನು ಅಷ್ಟು ದೂರ ಕರೆದುಕೊಂಡು ಬಂದಿದ್ದ ಪಾಪ.

"ಉಣ್ಣಾಕ ನಡಿ," ಎಂದೆ.

ಬುಂದಿ ಚೆನ್ನಾಗಿತ್ತು. ತಿರುಗಿ ಹೋದದ್ದು ಎಷ್ಟೋ ಇರಲಿ. ಏಳೆಂಟು ಸಾವಿರ ಇರಬಹುದು.

ಮೇ ೧೩, ಮಂಗಳವಾರ

ಶಕುಂತಲಾ ಕಿವಿಯ ಹತ್ತಿರ ಬಾಯಿ ಇಟ್ಟು ಕೇಳಿದಳು: "ಖರೇ ಹೇಳ್ರಿ, ಎಷ್ಟು ಹೋಯ್ತು?"

"ಇಪ್ಪತ್ತು ಸಾವಿರ," ಎಂದೆ.

"ಅಷ್ಟೇ?"

"ಅಷ್ಟೇ."

"ನೀವು ಸೋಫಾದ ಮ್ಯಾಲ ಕೂತು 'ಅಯ್ಯೋ, ಅಯ್ಯೋ' ಅಂತಿದ್ರಿ. ಇಪ್ಪತ್ತು ಸಾವಿರಕ್ಕ ನೀವು ಅಷ್ಟು ಸಲ ಅನ್ನಂಗಿಲ್ಲ."

ಅದನ್ನು ಮನಸ್ಸಿನಲ್ಲೇ ಅಂದೆ ಎಂದು ನಾನು ತಿಳಿದಿದ್ದೆ.

ಮೇ ೧೬, ಶುಕ್ರವಾರ

ಆಟೋ ಹಿಡಿದು ಮುಡಬಿಗೆ ಹೋದೆ. ಮಕ್ಬೂಲ್ ಮನೆಯ ಮುಂದೆ ಬೇವಿನ ನೆರಳಲ್ಲಿ ಕೂತಿದ್ದ. ನಾಲ್ಕೂವರೆ ಸಾವಿರ ಅವನ ಕೈಯಲ್ಲಿಟ್ಟೆ. ಬೇಡ ಅನ್ನುತ್ತಾನೆ, ಎರಡು ಸಲ ಒತ್ತಾಯ ಮಾಡಬೇಕಾಗುತ್ತದೆ ಎಂದು ದಾರಿಯಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನು ಎಣಿಸಿ ಜೇಬಿಗೆ ಇಟ್ಟುಕೊಂಡ. ಆಮೇಲೆ ನನ್ನ ಕಿವಿಗೆ ಬಾಗಿ ಹೇಳಿದ. ಕೇಳಿಸಲಿಲ್ಲ ಎಂದೆ. ಈ ಸಲ ಜನರ ಮೇಲೆ ಹಾಕಲಿಲ್ಲ, ಕೇಳಿಸಲಿಲ್ಲ ಎಂದೇ ಹೇಳಿದೆ. ಅವನು ಮತ್ತೊಮ್ಮೆ ನಿಧಾನವಾಗಿ ಹೇಳಿದ.

"ನಿಮ್ಮ ದನಿ ಭಾಳ ತುಟ್ಟಿ ಅದ, ಕಾಕಾ. ಬಡವರ ಮದುವ್ಯಾಗ ಸಣ್ಣಗ ಮಾತಾಡ್ರಿ."

ಇಬ್ಬರೂ ನಕ್ಕೆವು. ನಗಬೇಕಾದ ಜಾಗದಲ್ಲೇ ನಕ್ಕೆ ಎಂದು ಕಾಣುತ್ತದೆ. ಅವನು ಚಹಾ ಹೇಳಿದ.

ಮೇ ೧೮, ರವಿವಾರ

ಊರಲ್ಲಿ ಮದುವೆ ಇತ್ತು, ಹೋಗಿದ್ದೆ. ಸಂಘಪಾಲ ಕೂಗಿದ. ದನಿ ಪರವಾಗಿಲ್ಲ, ನನ್ನದರ ನಾಲ್ಕಾಣೆ. ಕೊಟ್ಟವರು ಹೇಳಿದ್ದನ್ನು ಕೇಳುತ್ತಾನೆ, ಅದನ್ನೇ ಕೂಗುತ್ತಾನೆ. ಅದರಲ್ಲಿ ಕಲೆ ಏನಿದೆಯೋ ತಿಳಿಯದು, ಆದರೆ ಯಾರೂ ಅಳಲಿಲ್ಲ.

ನಾಳೆ ಗೌಸನ ಜೊತೆ ಬೀದರಿಗೆ ಹೋಗುವುದಿದೆ. ಅವನ ಮಶೀನಿಗೆ ಸೆಲ್ಲು ತರಬೇಕಂತೆ. ನಾನು ಸುಮ್ಮನೆ ಜೊತೆಗೆ. ಬರುವಾಗ ಆಧಾರ ಕಾರ್ಡು ತಗೊಂಡು ಬಾ ಎಂದಿದ್ದಾನೆ. ಸೆಲ್ಲಿಗೆ ಆಧಾರ ಯಾಕೆ ಎಂದು ನಾನು ಕೇಳಲಿಲ್ಲ.

ಮಧ್ಯಾಹ್ನ ವಿದ್ಯಾವತಿ ಗಂಡನ ಜೊತೆ ಬಂದಿದ್ದಳು. ನನ್ನ ಎದುರಿಗೆ ಬಂದು, ಮುಖಕ್ಕೆ ಮುಖ ಕೊಟ್ಟು ಕೂತಳು. "ದೊಡ್ಡಪ್ಪಾ, ಆಯೇರದ್ದು ಮನಸ್ಸಿಗಿ ಹಚ್ಕೋಬ್ಯಾಡ್ರಿ. ನೀವು ಬಂದ್ರಲ್ಲ, ನಂಗ ಅದೇ ಭಾಳ ಆಯ್ತು. ಹೋದದ್ದು ಎಷ್ಟರ ಇದ್ದೀತು?"

"ಏಳು ಸಾವಿರ, ಭಾಳಂದ್ರ ಎಂಟು," ಎಂದೆ. ಹುಡುಗಿ ನಂಬಿದಳು. ಅವಳ ಅಪ್ಪನೂ ಹಾಗೇ ನಂಬುತ್ತಿದ್ದ.

ಹೆಂಡತಿಗೆ ಇಪ್ಪತ್ತು ಎಂದಿದ್ದೇನೆ. ಗೌಸನಿಗೆ ನಲವತ್ತು ಎಂದಿದ್ದೇನೆ. ಅವನು ಮಶೀನು ಸರಿಮಾಡಿಕೊಂಡು ಮತ್ತೊಮ್ಮೆ ಹೇಳು ಅಂದ.

ಇಲ್ಲಿ ಕೇಳುವವರು ಯಾರೂ ಇಲ್ಲ. ಸೋಫಾದ ಮೇಲೆ ಕೂತು ನಾನು ಎಣಿಸಿದ್ದು ಅರವತ್ತೊಂದು ಮನೆ. ಒಂದು ಲಕ್ಷ ಮೂವತ್ತೆರಡು ಸಾವಿರದ ಏಳುನೂರು ರೂಪಾಯಿ, ಮತ್ತು ಒಂದು ಹಿತ್ತಾಳೆಯ ಕೊಡ.